ಹಾಸನದ 24 ಸಾವು ಮತ್ತು ದೇಶದ ಸಾವಿನ ಖಾತೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಈಗ ಬೆಂಗಳೂರಿನಲ್ಲಿ ಕೆಲಸ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಿಂದ ದಿನಾ ಹೃದಯಾಘಾತದ ಸುದ್ದಿ ಬರುತ್ತಿತ್ತು. ಆಗಿನಿಂದ ಅಮ್ಮ ನನ್ನ ಅಣ್ಣನಿಗೆ ದಿನಕ್ಕೆ ಎರಡು ಸಲ ಫೋನ್ ಮಾಡಿ ‘ಎದೆ ನೋವು ಏನಿಲ್ಲ ತಾನೇ’ ಅಂತ ಕೇಳುತ್ತಾರೆ. ಅಣ್ಣನಿಗೆ ಇನ್ನೂ 38 ವರ್ಷ. ಚಿಕ್ಕ ವಯಸ್ಸಿನವರು ನಿಜಕ್ಕೂ ಈಗ ಜಾಸ್ತಿ ಸಾಯುತ್ತಿದ್ದಾರಾ, ಅಥವಾ ಸುದ್ದಿ ಮಾತ್ರ ಜಾಸ್ತಿಯಾಗಿದೆಯಾ? ಯಾರು ಯಾವುದರಿಂದ ಸತ್ತರು ಅಂತ ಈ ದೇಶದಲ್ಲಿ ಲೆಕ್ಕ ಇಡುವವರು ಯಾರು? ಅದನ್ನು ನಂಬಬಹುದಾ?

ಉತ್ತರ: ಮೊದಲು ಒಂದು ಕಾಗದ ತಗೊಂಡು ಸಣ್ಣ ಗುಣಾಕಾರ ಮಾಡೋಣ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 6 ಮಂದಿ ತೀರಿಕೊಳ್ಳುತ್ತಾರೆ. 2020ರ ಅಂಕಿ 6.2. ಗುಣಿಸಿದರೆ ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 11,000 ಸಾವು. ಅಂದರೆ ದಿನಕ್ಕೆ 30. ದೇಶದಲ್ಲಿ ನೂರು ಸಾವಿನಲ್ಲಿ ಸುಮಾರು 31 ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತವೆ. ಲಕ್ವ ಹೊಡೆದು ಸತ್ತವರೂ ಇದರಲ್ಲೇ ಸೇರುತ್ತಾರೆ. ಅದೇ ಪಾಲು ಹಾಸನಕ್ಕೂ ಇದೆ ಅಂದುಕೊಂಡರೆ, 40 ದಿನಗಳಲ್ಲಿ ಸುಮಾರು 370 ಮಂದಿ ಈ ಕಾರಣಕ್ಕೇ ಹೋಗಿರುತ್ತಾರೆ. ಯಾವ ವರ್ಷದ, ಯಾವ 40 ದಿನ ತೆಗೆದುಕೊಂಡರೂ ಹೆಚ್ಚುಕಮ್ಮಿ ಇಷ್ಟೇ.

ಟೀವಿಯಲ್ಲಿ ಬಂದಿದ್ದು ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ಅಂತ. 370 ಸಾವು ಆಗಿರಬಹುದಾದ ಕಡೆ 20ರ ಸುದ್ದಿ.

ಇದನ್ನು ಓದಿ ‘ಹಾಗಾದರೆ ಏನೂ ಇಲ್ಲ ಬಿಡಿ’ ಅನ್ನಬೇಡಿ. ನನ್ನ ಲೆಕ್ಕದ 370ರಲ್ಲಿ ಬಹುಪಾಲು ವಯಸ್ಸಾದವರು. ನಿಮ್ಮ ಪ್ರಶ್ನೆ ಇರುವುದು ಚಿಕ್ಕವರ ಬಗ್ಗೆ. ಅದಕ್ಕೆ ಉತ್ತರ ಬೇಕಾದರೆ ನನ್ನ ಕೈಯಲ್ಲಿ ಇನ್ನೂ ಮೂರು ವಿಷಯ ಇರಬೇಕು. ಜಿಲ್ಲೆಯಲ್ಲಿ 45 ದಾಟದವರು ಎಷ್ಟು ಜನ ಇದ್ದಾರೆ, ಆ ವರ್ಷ ಮತ್ತು ಅದರ ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ ಅವರಲ್ಲಿ ಎಷ್ಟು ಜನ ಸತ್ತರು, ಯಾವುದರಿಂದ ಸತ್ತರು. ಆ ಜೂನ್‌ನಲ್ಲಿ ಈ ಮೂರನ್ನೂ ಥಟ್ ಅಂತ ಮೇಜಿನ ಮೇಲೆ ಇಡಬಲ್ಲ ಖಾತೆ ಪುಸ್ತಕ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಒಂದು ಕಡೆ ಸುದ್ದಿ, ಇನ್ನೊಂದು ಕಡೆ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ನಾನು ಇಷ್ಟುದ್ದ ಬರೆಯುತ್ತಿರುವುದು ಆ ಖಾತೆ ಪುಸ್ತಕದ ಬಗ್ಗೆಯೇ.

ಹಾಸನದ ಕಥೆ ಮುಗಿಸಿಬಿಡುತ್ತೇನೆ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ರಸ್ತೆ ಅಪಘಾತ, ಕರೆಂಟ್ ಶಾಕ್, ಕಿಡ್ನಿ ಕಾಯಿಲೆ ಇಂಥವೂ ‘ಹಾರ್ಟ್ ಅಟ್ಯಾಕ್’ ಪಟ್ಟಿಗೆ ಸೇರಿಕೊಂಡಿದ್ದವು. ಉಳಿದ 20ರಲ್ಲೂ ಎಲ್ಲವೂ ಖಚಿತವಲ್ಲ, ಕೆಲವು ‘ಇರಬಹುದು’ ಅನ್ನುವ ಮಟ್ಟದವು. ಎಷ್ಟೋ ದೇಹಗಳಿಗೆ ಮರಣೋತ್ತರ ಪರೀಕ್ಷೆ ಆಗಿರಲಿಲ್ಲ. ಜಿಲ್ಲೆಯ ಅಂಕಿಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲ ಎಂದು ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ದಿಢೀರನೆ ಆಗುವ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಸರ್ಕಾರ ಹೇಳಿತು. ನನಗೆ ಆ ಇಡೀ ಗಲಾಟೆಯಲ್ಲಿ ಉಪಯೋಗದ್ದು ಅನ್ನಿಸಿದ್ದು ಈ ಕೊನೆಯ ಮಾತು ಒಂದೇ.

ಈಗ ಲೆಕ್ಕ ಇಡುವವರು ಯಾರು ನೋಡೋಣ. ಜನನ ಮರಣ ನೋಂದಣಿಗೆ 1969ರ ಕಾಯ್ದೆ ಇದೆ. ಸಾವಾದ 21 ದಿನದೊಳಗೆ ತಿಳಿಸಬೇಕು. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಮ್ಮ ಹಳ್ಳಿಗಳಲ್ಲಿ ಈ ಪುಸ್ತಕ ಬಹುಕಾಲ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಈಗ ಎಲ್ಲ ಇ-ಜನ್ಮ ತಂತ್ರಾಂಶಕ್ಕೆ ಹೋಗುತ್ತದೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಜನ ಆ ಬಾಗಿಲಿಗೆ ಬರುವ ಕಾರಣ ಮಾತ್ರ ಬದಲಾಗಿಲ್ಲ: ಪೌತಿ ಖಾತೆ, ಎಲ್‌ಐಸಿ, ಬ್ಯಾಂಕು, ಪಿಂಚಣಿ. ಯಜಮಾನರು ತೀರಿಕೊಂಡರೆ ತಿಥಿ ಮುಗಿಯುವುದರೊಳಗೆ ಮಗ ಡೆತ್ ಸರ್ಟಿಫಿಕೇಟಿಗೆ ಓಡುತ್ತಾನೆ, ಪಹಣಿಯಲ್ಲಿ ಹೆಸರು ಬದಲಾಗಬೇಕಲ್ಲ. ಮನೆಯ ಅಜ್ಜಿ ತೀರಿಕೊಂಡರೆ? ಅವಳ ಹೆಸರಿನಲ್ಲಿ ಜಮೀನಿಲ್ಲ, ಪಾಲಿಸಿ ಇಲ್ಲ. ಸರ್ಟಿಫಿಕೇಟು ಯಾರಿಗೂ ಬೇಕಿಲ್ಲ. ಹುಟ್ಟಿದ ಹತ್ತನೇ ದಿನಕ್ಕೆ ಹೋದ ಕೂಸಿನದಂತೂ ಕೇಳಲೇ ಬೇಡಿ.

ಇದು ನನ್ನ ಊಹೆ ಅಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ನೂರಕ್ಕೆ 60 ಗಂಡಸರದು, 40 ಹೆಂಗಸರದು. ಗಂಡಸರು ಸ್ವಲ್ಪ ಬೇಗ ಸಾಯುತ್ತಾರೆ ನಿಜ, ಆದರೆ ಇಷ್ಟು ಅಂತರ ಬರುವಷ್ಟಲ್ಲ. ಈ ಅಂತರದ ಒಂದು ಭಾಗ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರು.

ಇಂಥ ತೂತು ಇರುವ ಪುಸ್ತಕ ಇಟ್ಟುಕೊಂಡು ದೇಶದ ಮರಣ ದರ ಹೇಳುವುದು ಹೇಗೆ? ಈ ಸಮಸ್ಯೆಗೆ ಉಪಾಯ ಹೊಳೆದಿದ್ದು ಕಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ. ಅಲ್ಲಿನ ಆರೋಗ್ಯ ಕೇಂದ್ರದ ಅಂಕಿಗಳನ್ನು ಇಟ್ಟುಕೊಂಡು ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಒಂದು ಲೇಖನ ಬರೆದರು. ಡೆಮಿಂಗ್ ಹೆಸರು ನಿಮ್ಮ ಕಂಪನಿಯ ಕ್ವಾಲಿಟಿ ಟ್ರೇನಿಂಗಿನಲ್ಲಿ ಕೇಳಿರಬಹುದು. ಆತನೇ ಈತ. ಉಪಾಯ ಎಷ್ಟು ಸರಳ ಅಂದರೆ ನಾನು ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಎರಡು ನಿಮಿಷದಲ್ಲಿ ತೋರಿಸುತ್ತಿದ್ದೆ.

ಒಂದು ಊರು. ಅಲ್ಲಿನ ಒಬ್ಬರು ಮೇಷ್ಟ್ರು ವರ್ಷವಿಡೀ ಸಾವು ಬರೆದಿಡುತ್ತಾರೆ. ಆಮೇಲೆ ಹೊರಗಿನಿಂದ ಒಬ್ಬ ಮೇಲ್ವಿಚಾರಕಿ ಬಂದು, ಮೇಷ್ಟ್ರ ಪುಸ್ತಕ ನೋಡದೆ, ಮನೆ ಮನೆಗೆ ಹೋಗಿ ವಿಚಾರಿಸಿ ತನ್ನದೇ ಪಟ್ಟಿ ಮಾಡುತ್ತಾಳೆ. ಎರಡೂ ಪಟ್ಟಿ ಪಕ್ಕದಲ್ಲಿಟ್ಟರೆ 20 ಸಾವು ಎರಡರಲ್ಲೂ ಇವೆ. 4 ಮೇಷ್ಟ್ರ ಹತ್ತಿರ ಮಾತ್ರ, 5 ಅವಳ ಹತ್ತಿರ ಮಾತ್ರ. ಇಬ್ಬರೂ ಬಿಟ್ಟಿದ್ದು ಎಷ್ಟು? ಅವಳಿಗೆ ಸಿಕ್ಕ 25ರಲ್ಲಿ ಮೇಷ್ಟ್ರು ಹಿಡಿದಿದ್ದು 20, ಅಂದರೆ ಐದರಲ್ಲಿ ನಾಲ್ಕು. ಹಾಗಾದರೆ ಮೇಷ್ಟ್ರ ಒಟ್ಟು 24 ಕೂಡ ಊರಿನ ನಿಜವಾದ ಸಾವುಗಳ ಐದರಲ್ಲಿ ನಾಲ್ಕು ಭಾಗವೇ ಆಗಬೇಕು. ಒಟ್ಟು 30. ಪಟ್ಟಿಗಳಲ್ಲಿ ಸಿಕ್ಕಿದ್ದು 29. ಇಬ್ಬರ ಕಣ್ಣೂ ತಪ್ಪಿಸಿದ್ದು 1. ಯಾರೂ ನೋಡದ ಸಾವನ್ನೂ ಹೀಗೆ ಎಣಿಸಬಹುದು. ನನಗೆ ಈಗಲೂ ಇದು ಒಂಥರಾ ಮಾಯೆಯ ಹಾಗೆ ಅನ್ನಿಸುತ್ತದೆ.

ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುವ ಈ ಬುದ್ಧಿಯ ಮೇಲೇ ನಮ್ಮ ಮಾದರಿ ನೋಂದಣಿ ವ್ಯವಸ್ಥೆ ನಿಂತಿದೆ. ಕಚೇರಿಗಳಲ್ಲಿ ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಂ, ಚಿಕ್ಕದಾಗಿ ಎಸ್‌ಆರ್‌ಎಸ್ ಅನ್ನುತ್ತಾರೆ. 1960ರ ದಶಕದ ಮಧ್ಯದಲ್ಲಿ ಪ್ರಯೋಗವಾಗಿ ಶುರುವಾಗಿ ದಶಕದ ಕೊನೆಗೆ ದೇಶವಿಡೀ ಬಂತು. ಈಗ ಸುಮಾರು 8,800 ಹಳ್ಳಿ ಮತ್ತು ನಗರ ಬ್ಲಾಕುಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸುತ್ತದೆ. ಇಲ್ಲಿ ಸೂತ್ರ ಹಾಕಿ ಸುಮ್ಮನಾಗುವುದಿಲ್ಲ. ತಾಳೆಯಾಗದ ಸಾವುಗಳಿಗೆ ಮತ್ತೆ ಮನೆಗೇ ಹೋಗಿ ಖಚಿತ ಮಾಡಿಕೊಳ್ಳುತ್ತಾರೆ. ಶಿಶು ಮರಣ ದರ ಇಷ್ಟು, ಸರಾಸರಿ ಆಯಸ್ಸು ಇಷ್ಟು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದೆಲ್ಲ ಬರುವುದು ಇಲ್ಲಿಂದ. ಇದನ್ನು ನಂಬಬಹುದಾ ಅಂದರೆ ನನ್ನ ಉತ್ತರ ಹೌದು, ರಾಜ್ಯದ ಮಟ್ಟಕ್ಕೆ. ಹಾಸನ ಜಿಲ್ಲೆಗೆ ಇದರಿಂದ ಏನನ್ನೂ ಹೇಳಲಾಗದು. ಒಂದು ಜಿಲ್ಲೆಗೆ ಬೀಳುವ ಬ್ಲಾಕುಗಳು ಬೆರಳೆಣಿಕೆಯಷ್ಟು.

ಎಷ್ಟು ಜನ ಸತ್ತರು ಅನ್ನುವುದು ಹೀಗೆ ಸಿಕ್ಕಿತು. ಯಾವುದರಿಂದ ಸತ್ತರು ಅನ್ನುವುದು ಇದಕ್ಕಿಂತ ಕಷ್ಟ. ಎಡವಟ್ಟು ಆಗುವುದು ಇಲ್ಲೇ.

ಆಸ್ಪತ್ರೆಯಲ್ಲಿ ಸಾವಾದರೆ ವೈದ್ಯರು ನಮೂನೆ 4 ತುಂಬಬೇಕು. ಅದರಲ್ಲಿ ಒಂದರ ಕೆಳಗೆ ಒಂದು ಗೆರೆ ಇರುತ್ತದೆ. ಮೇಲಿನ ಗೆರೆಯಲ್ಲಿ ಕೊನೆಗೆ ಜೀವ ತೆಗೆದದ್ದು ಏನು, ಅದರ ಕೆಳಗೆ ಅದಕ್ಕೆ ಕಾರಣ ಏನು, ಅದರ ಕೆಳಗೆ ಅದಕ್ಕೂ ಕಾರಣ ಏನು. ಕೆಳಗಿನ ಗೆರೆಯೇ ಮೂಲ ಕಾರಣ. ದೇಶದ ಲೆಕ್ಕಕ್ಕೆ ಹೋಗುವುದು ಅದು.

ನಮ್ಮ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ. ಬರಿಗಾಲಲ್ಲಿ ತೋಟಕ್ಕೆ ಹೋಗಿ ಮುಳ್ಳು ತುಳಿದರು. ಸ್ಪರ್ಶ ಇಲ್ಲದ ಪಾದ, ವಾರ ಕಳೆದರೂ ಗೊತ್ತಾಗಲಿಲ್ಲ. ಗಾಯ ಕೊಳೆತು ಗ್ಯಾಂಗ್ರೀನ್ ಆಯಿತು, ನಂಜು ರಕ್ತಕ್ಕೆ ಏರಿತು, ಆಸ್ಪತ್ರೆ ಸೇರಿದ ಆರನೇ ದಿನ ಹೋದರು. ನಮೂನೆ ತುಂಬಬೇಕಾದದ್ದು ಹೀಗೆ: ಮೇಲಿನ ಗೆರೆ, ರಕ್ತಕ್ಕೆ ನಂಜು. ಎರಡನೆಯದು, ಕಾಲಿನ ಗ್ಯಾಂಗ್ರೀನ್. ಮೂರನೆಯದು, ಮಧುಮೇಹ. ಆಗ ಅವರು ದೇಶದ ಲೆಕ್ಕದಲ್ಲಿ ಸಕ್ಕರೆ ಕಾಯಿಲೆಯ ಸಾವಾಗಿ, ಇ11 ಅನ್ನುವ ಅಂತರರಾಷ್ಟ್ರೀಯ ಸಂಕೇತದಡಿ ಕೂರುತ್ತಾರೆ. ಆದರೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಬರೆದದ್ದು ಒಂದೇ ಸಾಲು: ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’. ಹೃದಯ ಮತ್ತು ಉಸಿರು ನಿಂತಿತು ಅಂತ. ಕೆಳಗಿನ ಎರಡೂ ಗೆರೆ ಖಾಲಿ.

ನಾನು ಹೋಗಿ ಜಗಳ ಆಡಲಿಲ್ಲ, ನಿಧಾನವಾಗಿ ಕೇಳಿದೆ. ‘ಏನಪ್ಪಾ, ಹೃದಯ ನಿಲ್ಲದೆ ಯಾರಾದರೂ ಸತ್ತದ್ದು ನೋಡಿದ್ದೀಯಾ?’ ಪಾಪ, ಅವನಿಗೆ ಹಾಗೇ ಬರೆಯಬೇಕು ಅಂತ ಸೀನಿಯರ್ ಹೇಳಿಕೊಟ್ಟಿದ್ದ. ಸೀನಿಯರ್‌ಗೆ ಅವನ ಸೀನಿಯರ್. ಹೀಗೆ ಬರೆದ ಸಾಲುಗಳನ್ನು ಅಂಕಿ ಅಂಶದವರು ಏನು ಮಾಡಬೇಕು? ಒಂದಿಷ್ಟು ಹೃದಯದ ಖಾತೆಗೆ ಸೇರಿಬಿಡುತ್ತವೆ, ಒಂದಿಷ್ಟು ‘ಸ್ಪಷ್ಟವಿಲ್ಲ’ ಅನ್ನುವ ಬುಟ್ಟಿಗೆ ಬೀಳುತ್ತವೆ. ‘ಕಾರ್ಡಿಯೋ’ ಅನ್ನುವ ಪದ ಆಸ್ಪತ್ರೆಯ ಕಾಗದದಲ್ಲಿ ಕಂಡರೆ ಮನೆಯವರೂ ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿ ಹೋದ ಚಿಕ್ಕಪ್ಪ ಊರಿನವರ ಬಾಯಲ್ಲಿ ಈಗಲೂ ಹಾರ್ಟ್ ಅಟ್ಯಾಕ್ ಆಗಿ ಹೋದವರೇ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ನೋಂದಣಿ ಕಚೇರಿಯಿಂದ ನಿಮಗೆ ಸಿಗುವ ಡೆತ್ ಸರ್ಟಿಫಿಕೇಟಿನಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. ತೋರಿಸಬಾರದು ಅಂತ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಕಾರಣ ಇರುವುದು ವೈದ್ಯರ ನಮೂನೆಯಲ್ಲಿ, ಅದು ನೇರ ನೋಂದಣಾಧಿಕಾರಿಗೆ ಹೋಗುತ್ತಿತ್ತು. ಎಷ್ಟೋ ಮನೆಗಳಿಗೆ ತಮ್ಮವರ ಬಗ್ಗೆ ಏನು ಬರೆದಿದ್ದಾರೆ ಅಂತ ಗೊತ್ತೇ ಆಗುತ್ತಿರಲಿಲ್ಲ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಆ ವರ್ಷ ಅಕ್ಟೋಬರ್ 1ರಿಂದ ಜಾರಿ. ಈಗ ಎಲ್ಲ ಆಸ್ಪತ್ರೆಗಳೂ ಕಾರಣದ ಪತ್ರ ಕೊಡಲೇಬೇಕು, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು, ದುಡ್ಡು ಕೇಳುವ ಹಾಗಿಲ್ಲ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ಪ್ರತಿ ಕೇಳಿ ತಗೊಳ್ಳಿ. ಕೆಳಗಿನ ಗೆರೆ ಖಾಲಿ ಇದ್ದರೆ ಮೆತ್ತಗೆ ವಿಚಾರಿಸಿ. ಆ ಹೊತ್ತಿನಲ್ಲಿ ಇದು ಕಷ್ಟ, ಗೊತ್ತು.

ಇಷ್ಟೆಲ್ಲ ಆದಮೇಲೂ, 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರ ಕಾರಣ ಪತ್ರ ಇದ್ದದ್ದು ನೂರಕ್ಕೆ 22.5ಕ್ಕೆ ಮಾತ್ರ. ಉಳಿದ ಮುಕ್ಕಾಲು ಪಾಲು ಜನ ಮನೆಯ ಜಗುಲಿಯಲ್ಲಿ, ಹೊಲದಲ್ಲಿ, ಆಸ್ಪತ್ರೆಯ ದಾರಿಯಲ್ಲಿ, ಅಥವಾ ಕಾರಣ ಬರೆಯದ ಆಸ್ಪತ್ರೆಯಲ್ಲಿ ಸತ್ತವರು.

ಅವರ ಕಾರಣ ತಿಳಿಯುವುದು ಮನೆಯವರ ಮಾತಿನಿಂದ. ತರಬೇತಿ ಪಡೆದವರು ಮನೆಗೆ ಹೋಗಿ ಕೂತು ಕೇಳುತ್ತಾರೆ: ಜ್ವರ ಎಷ್ಟು ದಿನ ಇತ್ತು? ಕೆಮ್ಮಿನಲ್ಲಿ ರಕ್ತ ಬಂತಾ? ಒಂದು ಕಡೆ ಕೈಕಾಲು ಬಿದ್ದುಹೋಗಿತ್ತಾ? ಬರೆದುಕೊಂಡದ್ದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಹೇಳುತ್ತಾರೆ. ಇಬ್ಬರಿಗೂ ಒಮ್ಮತ ಬರದಿದ್ದರೆ ಮೂರನೆಯವರು ತೀರ್ಮಾನಿಸುತ್ತಾರೆ. ನಮ್ಮ ಭಾಷೆಯಲ್ಲಿ ಇದನ್ನು ಮಾಡುವುದಕ್ಕೆ ಕಿವಿ ಬೇಕು. ‘ಎದೆ ಹಿಡ್ಕೊಂಡು ಹೋದರು’ ಅಂದರೆ ಹೃದಯ ಇರಬಹುದು, ದಮ್ಮು ಇರಬಹುದು. ‘ಕಾಮಾಲೆ ಆಗಿತ್ತು’ ಅಂದರೆ ಲಿವರ್ ಕಾಯಿಲೆ ಯಾಕೆ ಬಂತು ಅಂತ ಇನ್ನೂ ಕೆದಕಬೇಕು, ಅಲ್ಲಿ ಕುಡಿತದ ಮಾತು ಬರುತ್ತದೆ, ಹೆಂಡತಿ ಸುಮ್ಮನಾಗುತ್ತಾರೆ. ಒಂದು ಮನೆಯಲ್ಲಿ ಮುದುಕಿ ‘ರಾತ್ರಿ ಹುಳ ಮುಟ್ಟಿತು’ ಅಂದರು. ಜೊತೆಗಿದ್ದ ನಗರದ ಹುಡುಗಿ ‘ಕೀಟ ಕಚ್ಚಿದೆ’ ಅಂತ ಬರೆದುಕೊಂಡಳು. ಹಳ್ಳಿಯಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ, ಹುಳ ಅನ್ನುತ್ತಾರೆ ಅಂತ ಅವಳಿಗೆ ಯಾರು ಹೇಳಬೇಕು?

ಹಾವಿನ ವಿಷಯ ಬಂದದ್ದು ಒಳ್ಳೆಯದಾಯಿತು. ಈ ಕೇಳಿ ತಿಳಿಯುವ ವಿಧಾನ ಏನು ಮಾಡಬಲ್ಲದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಸಾರ್ವಜನಿಕ ಆರೋಗ್ಯ ಸಂಶೋಧಕ ಪ್ರಭಾತ್ ಝಾ ಅವರ ನೇತೃತ್ವದಲ್ಲಿ, ಎಸ್‌ಆರ್‌ಎಸ್ ಮನೆಗಳಲ್ಲೇ, ಹತ್ತು ಲಕ್ಷ ಸಾವುಗಳ ಗುರಿ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಆಸ್ಪತ್ರೆಗಳ ಲೆಕ್ಕದಲ್ಲಿ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಒಂದೆರಡು ಸಾವಿರ ಅಂತ ಇತ್ತು. ಮನೆ ಮನೆಗೆ ಹೋಗಿ ಕೇಳಿದಾಗ 2005ರ ಒಂದೇ ವರ್ಷಕ್ಕೆ ಸುಮಾರು 46,000 ಬಂತು. ಆಮೇಲಿನ ಅಂದಾಜಿನಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000. ಹಾವು ಕಚ್ಚಿದವರಲ್ಲಿ ಬಹಳ ಜನ ಆಸ್ಪತ್ರೆಗೆ ತಲುಪುವುದೇ ಇಲ್ಲ, ಅಷ್ಟೇ ವಿಷಯ. ಆಸ್ಪತ್ರೆಯ ಪುಸ್ತಕದಲ್ಲಿ ಇಲ್ಲ ಅಂದರೆ ಔಷಧಿ ಬಜೆಟ್ಟಿನಲ್ಲೂ ಇಲ್ಲ. ನಮ್ಮ ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಈ ವಿಷಯದಲ್ಲಿ ನಾವು ಬೇರೆ ರಾಜ್ಯಗಳಿಗಿಂತ ಮುಂದೆ ಇದ್ದೆವು. ಬೆನ್ನು ತಟ್ಟಿಕೊಳ್ಳಬಹುದು.

ಇನ್ನು ಕೋವಿಡ್. ಅದನ್ನು ಬಿಟ್ಟು ಸಾವಿನ ಲೆಕ್ಕದ ಮಾತು ಮುಗಿಸಲು ಆಗದು. 2021ರ ಏಪ್ರಿಲ್, ಮೇ ನೆನಪಿದೆಯಲ್ಲ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು, ತಾವರೆಕೆರೆ ಹತ್ತಿರ ಗಿಡ್ಡೇನಹಳ್ಳಿಯ ಬಯಲಿನಲ್ಲಿ ಸಾಲು ಚಿತೆ. ದೇಶದಲ್ಲಿ ನೋಂದಣಿಯಾದ ಸಾವು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ. 2021ರಲ್ಲಿ 102 ಲಕ್ಷ. ಒಂದೇ ವರ್ಷಕ್ಕೆ 21 ಲಕ್ಷ ಜಾಸ್ತಿ. 2022ಕ್ಕೆ ಮತ್ತೆ 86.5 ಲಕ್ಷಕ್ಕೆ ಇಳಿಯಿತು. ಆದರೆ ಆರಂಭದಿಂದ 2021ರ ಕೊನೆಯವರೆಗೆ ಸರ್ಕಾರಿ ಲೆಕ್ಕದ ಕೋವಿಡ್ ಸಾವು ಒಟ್ಟು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಆ ಎರಡು ವರ್ಷಕ್ಕೆ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಅಂತ ಅಂದಾಜು ಮಾಡಿದಾಗ ಸರ್ಕಾರ ಒಪ್ಪಲಿಲ್ಲ, ಲೆಕ್ಕದ ವಿಧಾನವೇ ಸರಿಯಿಲ್ಲ ಅಂದಿತು.

ನೋಂದಣಿ ಜಾಸ್ತಿಯಾಗಿದ್ದಕ್ಕೆ ಜನ ಹೆಚ್ಚು ನೋಂದಾಯಿಸಿದ್ದೂ ಒಂದು ಕಾರಣ ಅನ್ನುವ ವಾದದಲ್ಲಿ ಸ್ವಲ್ಪ ಹುರುಳಿದೆ. ಪರಿಹಾರದ ಹಣಕ್ಕೂ ಸರ್ಟಿಫಿಕೇಟ್ ಬೇಕಿತ್ತು. ಆದರೆ ಆ ವಾದ ನಿಜವಾಗಿದ್ದರೆ 2022ರಲ್ಲೂ ಸಂಖ್ಯೆ ಮೇಲೇ ಇರಬೇಕಿತ್ತಲ್ವಾ? ನೋಂದಾಯಿಸುವ ಅಭ್ಯಾಸ ಒಂದೇ ವರ್ಷಕ್ಕೆ ಬಂದು ಮರುವರ್ಷ ಹೋಗುವುದಿಲ್ಲ. ಎಸ್‌ಆರ್‌ಎಸ್ ಕೂಡ ಅದನ್ನೇ ಹೇಳುತ್ತದೆ: ಸಾವಿರಕ್ಕೆ 6.0 ಇದ್ದ ಮರಣ ದರ 2021ರಲ್ಲಿ 7.5ಕ್ಕೆ ಏರಿತ್ತು. ನೂರಾಮೂವತ್ತು ಕೋಟಿ ದಾಟಿದ ದೇಶದಲ್ಲಿ ಸಾವಿರಕ್ಕೆ ಒಂದೂವರೆ ಅಂದರೆ ಎಷ್ಟು ಅಂತ ನೀವೇ ಗುಣಿಸಿ ನೋಡಿ. ಹಾಗಾಗಿ 4.8 ಲಕ್ಷ ಅನ್ನುವ ಅಂಕಿಯನ್ನು ನಾನು ನಂಬುವುದಿಲ್ಲ.

ನನಗೆ ಸಿಟ್ಟು ಬರುವುದು ಅಂಕಿಗಿಂತ ತಾರೀಖಿನ ಮೇಲೆ. 2021ರ ಈ ಅಂಕಿಗಳು ಪ್ರಕಟವಾಗಿದ್ದು 2025ರ ಮೇ ತಿಂಗಳಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಾವಿನ ಲೆಕ್ಕ ವಾರ ವಾರ ಹೊರಬರುತ್ತದೆ. ನಮ್ಮಲ್ಲೂ ಅಂಕಿ ಕಂಪ್ಯೂಟರಿನಲ್ಲೇ ಇದೆ. ಜಿಲ್ಲೆವಾರು, ವಯಸ್ಸುವಾರು ತಿಂಗಳಿಗೊಮ್ಮೆ ಪ್ರಕಟಿಸಿದ್ದರೆ ಹಾಸನದ ಗಲಾಟೆ ಎರಡು ದಿನದಲ್ಲಿ ತಣ್ಣಗಾಗುತ್ತಿತ್ತು. ಅಥವಾ ನಿಜವಾಗಿ ಏನೋ ಆಗುತ್ತಿದ್ದರೆ ಅಷ್ಟೇ ಬೇಗ ಗೊತ್ತಾಗುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದಾದ ಮೇಲೆಯೇ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು. ಆ ಕಾಲದಲ್ಲಿ ಜನ ಕ್ಯಾಂಪಿಗೆ ಒಯ್ಯುತ್ತಾರೆ ಅಂತ ಹೆದರಿ ಸಾವು ಬಚ್ಚಿಡುತ್ತಿದ್ದರು. ಈಗ ಜನ ಬಚ್ಚಿಡುತ್ತಿಲ್ಲ. ಕಡತ ಮಲಗಿರುತ್ತದೆ.

ಸರಿ, ಯಾವ ವಯಸ್ಸಿನವರು ಯಾವುದರಿಂದ ಸಾಯುತ್ತಾರೆ ಅನ್ನುವುದು ಬದಲಾಗಿದೆಯಾ ಅನ್ನುವ ನಿಮ್ಮ ಪ್ರಶ್ನೆಗೆ ಬರೋಣ. ಬದಲಾಗಿದೆ, ಬಹಳ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2023ರಲ್ಲಿ 25. ಸರಾಸರಿ ಆಯಸ್ಸು 1970ರ ದಶಕದ ಮೊದಲ ಭಾಗದಲ್ಲಿ 49.7 ವರ್ಷ ಇದ್ದದ್ದು ಈಗ 70 ಮುಟ್ಟಿದೆ. ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ ಬಾಣಂತಿ ಸಾವು 2004-06ರಲ್ಲಿ 213, 2018-20ಕ್ಕೆ 69. ಕೇರಳದ 19 ನೋಡಿದರೆ ನಮಗಿನ್ನೂ ದಾರಿ ಇದೆ.

ಇದರ ಇನ್ನೊಂದು ಮುಖವೇ ಹೃದಯದ ಕಾಯಿಲೆ. ವಾಂತಿಭೇದಿ, ಸಿಡುಬು, ದಡಾರದಲ್ಲಿ ಹೋಗಬೇಕಿದ್ದ ಮಕ್ಕಳು ಉಳಿದು, ಬೆಳೆದು, ಅರವತ್ತು ಎಪ್ಪತ್ತು ದಾಟಿ, ಬೇರೆ ಯಾವುದೋ ಕಾರಣಕ್ಕೆ ಹೋಗುತ್ತಾರೆ. ಪಾಲುಗಳ ಮೊತ್ತ ಯಾವತ್ತೂ ನೂರೇ. ಒಂದು ಇಳಿದರೆ ಇನ್ನೊಂದು ಏರಲೇಬೇಕು. ‘ಹೃದಯದ ಸಾವಿನ ಪಾಲು ಏರಿದೆ’ ಅನ್ನುವ ಶೀರ್ಷಿಕೆ ಕಂಡಾಗ, ಪಾಲು ಏರಿತಾ ಅಥವಾ ಅದೇ ವಯಸ್ಸಿನ ಲಕ್ಷ ಜನರಲ್ಲಿ ಸಾಯುವವರ ಸಂಖ್ಯೆ ಏರಿತಾ ಅಂತ ಕೇಳಿ. ಎರಡೂ ಬೇರೆ ಬೇರೆ.

ವಯಸ್ಸಿನ ಆಟ ಇನ್ನೂ ಮೋಸದ್ದು. 2020ರಲ್ಲಿ ಕೇರಳದ ಮರಣ ದರ ಸಾವಿರಕ್ಕೆ 7.0, ಬಿಹಾರದ್ದು 5.4. ಹಾಗಂತ ಆರೋಗ್ಯ ಬೇಕು ಅಂತ ಬಿಹಾರಕ್ಕೆ ಹೋಗುತ್ತೀರಾ? ಎರಡು ಊರು ಅಂದುಕೊಳ್ಳಿ, ತಲಾ ಸಾವಿರ ಜನ. ಮೊದಲ ಊರಲ್ಲಿ 200 ಮುದುಕರು, 800 ಚಿಕ್ಕವರು. ಎರಡನೆಯದರಲ್ಲಿ 50 ಮುದುಕರು, 950 ಚಿಕ್ಕವರು. ಮೊದಲ ಊರಲ್ಲಿ ಮುದುಕರು ಸಾವಿರಕ್ಕೆ 40, ಚಿಕ್ಕವರು ಸಾವಿರಕ್ಕೆ 2 ಸಾಯುತ್ತಾರೆ. ಎರಡನೆಯದರಲ್ಲಿ 50 ಮತ್ತು 3. ಎರಡು ವಯಸ್ಸಿನಲ್ಲೂ ಎರಡನೆಯ ಊರೇ ಕೆಟ್ಟದ್ದು. ಆದರೆ ಒಟ್ಟು ಕೂಡಿದರೆ ಮೊದಲ ಊರಿನ ದರ 9.6, ಎರಡನೆಯದು 5.35. ಕೇರಳದಲ್ಲಿ 2011ರಲ್ಲೇ ಅರವತ್ತು ದಾಟಿದವರು ನೂರಕ್ಕೆ 12.6 ಇದ್ದರು, ಬಿಹಾರದಲ್ಲಿ 7.4. ಮುದುಕರಾಗುವವರೆಗೆ ಜನರನ್ನು ಬದುಕಿಸಿದ್ದಕ್ಕೆ ಕೇರಳಕ್ಕೆ ಸಿಕ್ಕ ಬಳುವಳಿ ಈ 7.0. ವಯಸ್ಸು ಸರಿದೂಗಿಸದ ಯಾವ ಹೋಲಿಕೆಯನ್ನೂ ನಾನು ಪೂರ್ತಿ ಓದುವುದಿಲ್ಲ. ಇನ್ನು, ಯಾವ ವಯಸ್ಸಿನವರು ಎಷ್ಟಿದ್ದಾರೆ ಅನ್ನುವುದಕ್ಕೇ ಈಗ ಗಟ್ಟಿ ಆಧಾರ ಇಲ್ಲ. 2021ರ ಜನಗಣತಿ ನಡೆಯಲಿಲ್ಲ, 2027ಕ್ಕೆ ಹೋಗಿದೆ. ಅದಕ್ಕೇ ನಾನು ಹಾಸನಕ್ಕೆ 2011ರ ಸಂಖ್ಯೆ ಹಾಕಿ ಗುಣಿಸಿದ್ದು.

ಹಾಗಾದರೆ ಚಿಕ್ಕವರಿಗೆ ಹೃದಯದ ಅಪಾಯ ಇಲ್ಲವಾ? ಇದೆ. ಹಲವು ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ನಡು ವಯಸ್ಸು (ಅರ್ಧ ಜನರಿಗೆ ಅದಕ್ಕಿಂತ ಮೊದಲೇ, ಅರ್ಧ ಜನರಿಗೆ ಆಮೇಲೆ) ಬೇರೆ ದೇಶದವರಲ್ಲಿ 59 ಇದ್ದರೆ ನಮ್ಮ ದಕ್ಷಿಣ ಏಷ್ಯಾದವರಲ್ಲಿ 53. ಅಂದರೆ ನಮಗೆ ಇದು ಮೊದಲಿಂದಲೂ ಬೇಗ ಬರುತ್ತಿತ್ತು, ಕೋವಿಡ್ ಬರುವ ಮೊದಲೇ. ಲಸಿಕೆಯ ಮೇಲಿನ ಅನುಮಾನವನ್ನೂ ಪರೀಕ್ಷಿಸಿದ್ದಾರೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ನೋಡಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ದಿಢೀರ್ ಸಾವು ಇದ್ದವರು, ಸಾವಿಗೆ ಮುಂಚಿನ ಎರಡು ದಿನದೊಳಗೆ ಮಿತಿಮೀರಿ ಕುಡಿದವರು, ಭಾರೀ ಕಸರತ್ತು ಮಾಡಿದವರು, ಇಂಥವರಲ್ಲಿ ಅಪಾಯ ಜಾಸ್ತಿ ಇತ್ತು.

ಆದರೆ ಟೀವಿ ಹೇಳದ ಮಾತು ಬೇರೆ ಇದೆ. ಎಸ್‌ಆರ್‌ಎಸ್‌ನ ಸಾವಿನ ಕಾರಣಗಳ ವರದಿಯಲ್ಲಿ 15ರಿಂದ 29ರ ವಯಸ್ಸಿನವರ ಮೊದಲ ಕಾರಣ ಹೃದಯ ಅಲ್ಲ, ಆತ್ಮಹತ್ಯೆ. ಪೊಲೀಸ್ ಲೆಕ್ಕದಲ್ಲೇ 2022ರಲ್ಲಿ ದೇಶದಲ್ಲಿ 1.7 ಲಕ್ಷ ಜನ ಹಾಗೆ ಹೋದರು. ಅದೇ ವರ್ಷ ರಸ್ತೆಯಲ್ಲಿ 1.68 ಲಕ್ಷ. ಯಾವ ಚಾನೆಲ್ಲೂ ಇದಕ್ಕೆ ಕೌಂಟರ್ ಹಾಕಿ ದಿನಾ ಎಣಿಸಲಿಲ್ಲ. ಮನಸ್ಸು ಕುಗ್ಗಿದವರು ನಿಮ್ಮ ಸುತ್ತ ಯಾರಾದರೂ ಇದ್ದರೆ ಟೆಲಿ ಮಾನಸ್‌ನ 14416 ನಂಬರ್ ಕೊಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಅಣ್ಣನಿಗೆ ಹೇಳಿ: ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಲಿ, ಸಿಗರೇಟ್ ಇದ್ದರೆ ಬಿಡಲಿ, ಬೈಕಿನಲ್ಲಿ ಹೆಲ್ಮೆಟ್ ಹಾಕಲಿ. ಆಮೇಲೆ ಅಮ್ಮನನ್ನೂ ಕರೆದುಕೊಂಡು ಹೋಗಿ ಬಿಪಿ ನೋಡಿಸಿ. ವಯಸ್ಸಿನ ಲೆಕ್ಕದಲ್ಲಿ ನೋಡಿದರೆ ದಿನಕ್ಕೆ ಎರಡು ಸಲ ಫೋನ್ ಮಾಡಿ ‘ಎದೆ ನೋವಿಲ್ಲ ತಾನೇ’ ಅಂತ ಕೇಳಬೇಕಾದದ್ದು ಅಣ್ಣ, ಅಮ್ಮನನ್ನು.